ಕುಡಿತ ಬಿಟ್ಟ ಮೂರನೇ ರಾತ್ರಿ ಏನಾಗುತ್ತದೆ?

ಓದುಗರ ಪ್ರಶ್ನೆ, ವೈದ್ಯರ ಉತ್ತರ. ಈ ಸಂಚಿಕೆಯ ವಿಷಯ: ಚಟ, ದೇಹ ಮತ್ತು ಮನಸ್ಸು

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಹದಿನೈದು ವರ್ಷದಿಂದ ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಾರೆ. ಹೋದ ವರ್ಷ ಅಯ್ಯಪ್ಪ ಮಾಲೆ ಹಾಕಿ ಒಂದೇ ದಿನದಲ್ಲಿ ಕುಡಿತ ನಿಲ್ಲಿಸಿದರು. ಮರುದಿನ ಕೈ ನಡುಗಿ ಲೋಟ ಹಿಡಿಯಲೂ ಆಗಲಿಲ್ಲ. ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರಿದಾಡುತ್ತಿವೆ, ಯಾರೋ ಕರೆಯುತ್ತಿದ್ದಾರೆ ಎಂದು ಕೂಗಾಡಿದರು. ವ್ರತದಲ್ಲಿ ಏನೋ ತಪ್ಪಾಗಿದೆ ಎಂದರು ಊರವರು. ಮತ್ತೆ ಕುಡಿದ ಮೇಲೆಯೇ ಶಾಂತವಾದದ್ದು. ಈ ಸಲವೂ ಮಾಲೆ ಹಾಕುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಅಮ್ಮ, ವ್ರತದಲ್ಲಿ ಯಾವ ತಪ್ಪೂ ಆಗಿಲ್ಲ. ನೀವು ಕಂಡದ್ದು ಕುಡಿತ ಹಠಾತ್ತಾಗಿ ನಿಂತಾಗ ಬರುವ ಡೆಲಿರಿಯಮ್ ಟ್ರೆಮೆನ್ಸ್ ಎಂಬ ಸ್ಥಿತಿಯ ಲಕ್ಷಣಗಳು. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯಬಲ್ಲದು.

ಮೊದಲು ಲೆಕ್ಕ ನೋಡಿ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ. ವಿಸ್ಕಿ, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಇರುತ್ತದೆ. ಹಾಗಾಗಿ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ, ಎರಡರಲ್ಲಿ 120 ಗ್ರಾಂ. ದೇಹ ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಮಾತ್ರ. ಅಂದರೆ ಒಂದು ದಿನದ ಕುಡಿತ ಇಳಿಯಲು 12ರಿಂದ 17 ಗಂಟೆ ಬೇಕು. ಹದಿನೈದು ವರ್ಷ ಅವರ ಮಿದುಳು ದಿನದ ಬಹುಪಾಲನ್ನು ಆಲ್ಕೋಹಾಲಿನಲ್ಲೇ ಕಳೆದಿದೆ.

ಮಿದುಳನ್ನು ಶಾಂತವಾಗಿಡುವ ರಾಸಾಯನಿಕ ಗಾಬಾ, ಚುರುಕುಗೊಳಿಸುವುದು ಗ್ಲುಟಮೇಟ್. ಆಲ್ಕೋಹಾಲ್ ಮೊದಲನೆಯದರ ಬಲ ಹೆಚ್ಚಿಸುತ್ತದೆ, ಎರಡನೆಯದನ್ನು ಅದುಮುತ್ತದೆ. ಇದು ದಿನವೂ ನಡೆದರೆ ಮಿದುಳು ಸಮತೋಲ ಉಳಿಸಿಕೊಳ್ಳಲು ಉಲ್ಟಾ ಕೆಲಸ ಶುರುಮಾಡುತ್ತದೆ: ಗಾಬಾದ ಮಾತಿಗೆ ಕಿವುಡಾಗುತ್ತದೆ, ಗ್ಲುಟಮೇಟ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಮೊದಲು ಒಂದು ನೈಂಟಿಗೆ ಸಿಗುತ್ತಿದ್ದ ಅಮಲಿಗೆ ಈಗ ಕ್ವಾರ್ಟರ್ ಬೇಕಾಗುವುದು ಇದರಿಂದಲೇ. ಏರಿನಲ್ಲಿ ಮೈಬಗ್ಗಿಸಿ ಎಳೆಯುತ್ತಿರುವ ಎತ್ತಿನ ಹಿಂದಿನ ಭಾರ ಥಟ್ಟನೆ ಕಳಚಿದರೆ ಅದು ಮುಂದಕ್ಕೆ ಮುಗ್ಗರಿಸುತ್ತದೆ. ಕುಡಿತ ನಿಂತ ಮಿದುಳಿನ ಪಾಡೂ ಅದೇ.

ಕೊನೆಯ ಗುಟುಕಿನಿಂದ ಗಂಟೆ ಎಣಿಸಿ. 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಎದೆಬಡಿತ, ವಾಕರಿಕೆ, ನಿದ್ದೆ ಇಲ್ಲದಿರುವುದು. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. 48ರಿಂದ 96 ಗಂಟೆಯ ನಡುವೆ ಜ್ವರ, ದಿಕ್ಕುತಪ್ಪಿದ ಮಾತು, ಇಲ್ಲದ್ದು ಕಾಣುವುದು, ಏರಿದ ಬಿಪಿ. ನಿಮ್ಮವರದು ಮೂರನೇ ರಾತ್ರಿ ಬಂದದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಒಮ್ಮೆ ಹೀಗಾದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಬರುವ ಸಂಭವ ಹೆಚ್ಚು. ಆದ್ದರಿಂದ ಈ ಸಲ ಮನೆಯಲ್ಲಿ ಪ್ರಯತ್ನ ಬೇಡ, ಆಸ್ಪತ್ರೆಯಲ್ಲಿ ದಾಖಲಾಗಿಯೇ ಬಿಡಿಸಬೇಕು.

ಮಾಲೆ ಹಾಕುವ ಆಸೆಯನ್ನು ತಡೆಯಬೇಡಿ. 41 ದಿನದ ವ್ರತ ಬಹಳ ದೊಡ್ಡ ಆಸರೆ. ದಿನಾಂಕಕ್ಕೆ ಎರಡು ವಾರ ಮೊದಲೇ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿಸಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಮೊದಲೇ ವಿಚಾರಿಸಿಕೊಂಡು ಹೋಗಿ. ಅಲ್ಲಿಯವರೆಗೆ ಅವರಾಗಿಯೇ ಒಮ್ಮೆಲೇ ನಿಲ್ಲಿಸುವುದು ಬೇಡ. ಆಸ್ಪತ್ರೆಯಲ್ಲಿ ಮಿದುಳನ್ನು ಶಾಂತಗೊಳಿಸುವ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಕೊಟ್ಟು, ಒಂದು ವಾರದ ಆಸುಪಾಸಿನಲ್ಲಿ ದಿನದಿನಕ್ಕೂ ಪ್ರಮಾಣ ಇಳಿಸುತ್ತಾರೆ. ಲಿವರ್ ಕೆಟ್ಟವರಿಗೆ, ವಯಸ್ಸಾದವರಿಗೆ ಲೊರಾಜೆಪಾಮ್ ಆರಿಸುತ್ತಾರೆ. ಇವನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಇದರ ಜೊತೆ ಕುಡಿತವೂ ಸೇರಿದರೆ ಉಸಿರಾಟವೇ ನಿಲ್ಲಬಹುದು; ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯೇ ಇನ್ನೊಂದು ಚಟವಾಗುತ್ತದೆ.

ಇನ್ನೊಂದು ಮುಖ್ಯ ವಿಷಯ ಗ್ಲೂಕೋಸ್ ಡ್ರಿಪ್. ಕುಡಿತ ಬಿಟ್ಟ ಸುಸ್ತಿಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಹಾಕಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಬಹುಕಾಲ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಗ್ಲೂಕೋಸನ್ನು ಬಳಸಿಕೊಳ್ಳಲು ಮಿದುಳಿಗೆ ಥಯಾಮಿನ್ ಬೇಕೇ ಬೇಕು. ಅದನ್ನು ತುಂಬದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ಗೊಂದಲ, ನಡಿಗೆ ತೂರಾಡುವುದು, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು. ಸಕಾಲಕ್ಕೆ ಸರಿಪಡಿಸದಿದ್ದರೆ ಹೊಸ ನೆನಪು ನಿಲ್ಲುವ ಶಕ್ತಿ ಶಾಶ್ವತವಾಗಿ ಹೋಗಬಹುದು. ಇಂಥವರ ಕರುಳು ಮಾತ್ರೆಯ ಥಯಾಮಿನನ್ನು ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಮೊದಲ ಕೆಲವು ದಿನ ಇಂಜೆಕ್ಷನ್ನೇ ಬೇಕು. "ಇವರು ದಿನಾ ಕುಡಿಯುವವರು, ಥಯಾಮಿನ್ ಕೊಟ್ಟಿದ್ದೀರಾ?" ಎಂದು ಡ್ರಿಪ್ ಹಾಕುವ ಮೊದಲು ಕೇಳಲು ಸಂಕೋಚ ಪಡಬೇಡಿ.

ಮನೆಯಲ್ಲೇ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಬಟ್ಟೆ ಇಡಿ, 108ಕ್ಕೆ ಕರೆ ಮಾಡಿ. ಕೈಗೆ ಕಬ್ಬಿಣ ಕೊಡುವುದು, ಹಲ್ಲಿನ ನಡುವೆ ಚಮಚ ಇಡುವುದು, ನೀರು ಕುಡಿಸುವುದು ಬೇಡ. ಭ್ರಮೆ ಶುರುವಾದರೆ ಲೈಟ್ ಉರಿಸಿಡಿ, ಪರಿಚಿತರೊಬ್ಬರು ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ. ಕಟ್ಟಿಹಾಕಬೇಡಿ.

ಪ್ರಶ್ನೆ: "ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಎಂಬ ಜಾಹೀರಾತು ನೋಡಿ ಅಣ್ಣನಿಗಾಗಿ ಪುಡಿ ತರಿಸಿದ್ದೇವೆ. ಕೊಡಬಹುದೇ?
— ಓದುಗರು, ಹಾವೇರಿ

ಉತ್ತರ: ಕೊಡಬೇಡಿ. ಒಳಗೆ ಏನಿದೆ ಎಂದು ನಿಮಗೂ ಗೊತ್ತಿಲ್ಲ, ನಾಳೆ ತುರ್ತಾಗಿ ಆಸ್ಪತ್ರೆಗೆ ಒಯ್ದರೆ ಅಲ್ಲಿನ ವೈದ್ಯರಿಗೂ ಗೊತ್ತಿರುವುದಿಲ್ಲ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದರಂತೂ ಅಪಾಯ ದೊಡ್ಡದು.

ಆಲ್ಕೋಹಾಲ್ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರಪಾಯದ ಅಸಿಟೇಟ್ ಆಗಿ ಬದಲಾಗುತ್ತದೆ. ಡೈಸಲ್ಫಿರಾಮ್ ಈ ಎರಡನೇ ಹಂತವನ್ನು ತಡೆಯುತ್ತದೆ. ಕುಡಿದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಹೃದ್ರೋಗ ಇರುವವರು ಇದರಿಂದ ಸಾಯಬಹುದು. ತಿಳಿದು ನುಂಗುವವರಿಗೆ ಈ ಭಯವೇ ಕಾವಲು. ತಿಳಿಯದವರು ಎಂದಿನಂತೆ ಬಾರಿಗೆ ಹೋಗುತ್ತಾರೆ. ಕೊನೆಯ ಮಾತ್ರೆಯ ನಂತರವೂ ಎರಡು ವಾರದವರೆಗೆ ಇದರ ಪ್ರಭಾವ ಉಳಿದಿರಬಹುದು. ಲಿವರಿಗೂ ಏಟು ಕೊಡಬಹುದು, ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪು, ಅರಿಷ್ಟ, ಆಸವಗಳೂ ಈ ಅವಧಿಯಲ್ಲಿ ನಿಷಿದ್ಧ.

ಮನೆಯವರು ಮೋಸದಿಂದ ಔಷಧ ಹಾಕಿದರು ಎಂದು ಗೊತ್ತಾದ ದಿನ ಅವರು ನಿಮ್ಮ ಕೈಯ ಅನ್ನವನ್ನೂ ನಂಬುವುದಿಲ್ಲ. ಈ ನಷ್ಟ ಔಷಧದ ತೊಂದರೆಗಿಂತ ಕಡಿಮೆಯದಲ್ಲ. ಅಣ್ಣನೊಂದಿಗೇ ಮಾತಾಡಿ. ಕುಡಿಯುವ ತುಡಿತ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಔಷಧಗಳಿವೆ. ಲಿವರ್, ಮೂತ್ರಪಿಂಡದ ಸ್ಥಿತಿ ನೋಡಿ ಯಾವುದು ಹೊಂದುತ್ತದೆ ಎಂದು ವೈದ್ಯರು ನಿರ್ಧರಿಸುತ್ತಾರೆ. ಅಣ್ಣ ಬರಲು ಒಪ್ಪದಿದ್ದರೆ ಮನೆಯವರೇ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಗಾಂಜಾ ಗಿಡಮೂಲಿಕೆ, ಅದಕ್ಕೆ ಚಟ ಹತ್ತುವುದಿಲ್ಲ ಎಂದು ಎಂಜಿನಿಯರಿಂಗ್ ಓದುವ ಮಗ ವಾದಿಸುತ್ತಾನೆ. ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತದೆಯೇ?
— ಒಬ್ಬ ತಂದೆ, ಉಡುಪಿ

ಉತ್ತರ: ಚಟ ಹತ್ತುತ್ತದೆ. ದಿನವೂ ಸೇದುವವರು ನಿಲ್ಲಿಸಿದಾಗ ಒಂದೆರಡು ದಿನದಲ್ಲಿ ಸಿಡುಕು, ನಿದ್ರಾಹೀನತೆ, ಹಸಿವಿಲ್ಲದಿರುವುದು, ವಿಚಿತ್ರ ಕನಸುಗಳು ಶುರುವಾಗಿ ಸುಮಾರು ಎರಡು ವಾರ ಕಾಡುತ್ತವೆ. ಪ್ರಾಣಾಪಾಯವಿಲ್ಲ, ಆದರೆ "ಸೇದಿದರೆ ಮಾತ್ರ ನಿದ್ದೆ" ಎಂಬ ನಂಬಿಕೆ ಹುಟ್ಟುವುದು ಇಲ್ಲೇ. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕ ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಹೀಗಾಗಿ ಬಹುಕಾಲ ದಿನವೂ ಸೇದಿದವರು ಗಾಂಜಾ ಬಿಟ್ಟು ಒಂದು ತಿಂಗಳಾದರೂ ಮೂತ್ರ ಪರೀಕ್ಷೆ ಪಾಸಿಟಿವ್ ಬರಬಹುದು. ಮಗ "ಬಿಟ್ಟಿದ್ದೇನೆ" ಎನ್ನುವಾಗ ಪರೀಕ್ಷೆಯ ಕಿಟ್ ಹಿಡಿದು ಸುಳ್ಳುಗಾರ ಎಂದು ಜರೆಯಬೇಡಿ.

ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಹೊತ್ತಿಗೆ. ಹದಿಹರೆಯದಲ್ಲೇ ಶುರುಮಾಡಿ ದಿನವೂ ಸೇದುವವರಲ್ಲಿ ಗಂಭೀರ ಮನೋವಿಕಾರದ ಸಂಭವ ಹೆಚ್ಚು, ಕುಟುಂಬದಲ್ಲಿ ಸ್ಕಿಜೋಫ್ರೇನಿಯಾ ಇದ್ದರೆ ಇನ್ನೂ ಹೆಚ್ಚು. ಎಲ್ಲರೂ ತನ್ನನ್ನೇ ಗಮನಿಸುತ್ತಿದ್ದಾರೆ ಎಂಬ ಅನುಮಾನ, ಒಬ್ಬನೇ ಮಾತಾಡುವುದು, ಸ್ನಾನ ಊಟ ಬಿಟ್ಟು ಕೋಣೆ ಸೇರುವುದು ಕಂಡರೆ ಪರೀಕ್ಷೆ ಮುಗಿಯಲಿ ಎಂದು ಕಾಯದೆ ಅದೇ ವಾರ ಮನೋವೈದ್ಯರ ಬಳಿ ಹೋಗಿ.

ಗಾಂಜಾ ಸೇವನೆ ಕಾನೂನಿನಲ್ಲಿ ಅಪರಾಧವೇ. ಆದರೆ ಚಿಕಿತ್ಸೆ ಕೇಳಿದ್ದಕ್ಕೆ ಕೇಸ್ ಬೀಳುತ್ತದೆ ಎಂಬ ಭಯ ಬೇಡ. ರೋಗಿಯ ಮಾಹಿತಿ ಗೋಪ್ಯವಾಗಿಡುವುದು ವೈದ್ಯರ ಹೊಣೆ. ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಕೂಡ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ತಾನಾಗಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ಣಗೊಳಿಸಬೇಕು. ಮಾರಾಟಕ್ಕೆ ಈ ರಕ್ಷಣೆ ಇಲ್ಲ.

ಪ್ರಶ್ನೆ: ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ, ಸುಣ್ಣ ಹಾಕಿಕೊಂಡರೆ ಸಾಕಲ್ಲವೇ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಹೊಗೆಸೊಪ್ಪು ಬಿಟ್ಟರೆ ಲಾಭ ಖಂಡಿತ. ಆದರೆ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅಡಿಕೆಯಲ್ಲಿನ ಅರೆಕೋಲಿನ್ ಬಾಯಿಯ ಒಳಪದರದಲ್ಲಿ ನಾರು ಬೆಳೆಸಿ ಗಟ್ಟಿಯಾಗಿಸುತ್ತದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಿಡಿಸುತ್ತದೆಯೇ ನೋಡಿಕೊಳ್ಳಿ. ಹಿಡಿಸದಿದ್ದರೆ, ಖಾರ ತಾಗಿದರೆ ಉರಿದರೆ, ಎರಡು ವಾರದಲ್ಲಿ ಮಾಯದ ಹುಣ್ಣಿದ್ದರೆ ದಂತವೈದ್ಯರಿಗೆ ತೋರಿಸಿ. ಬಿಗಿದ ಬಾಯಿ ಪೂರ್ತಿ ಮೊದಲಿನಂತಾಗುವುದು ಅಪರೂಪ.

ಸುಣ್ಣ ಬಾಯಿಯನ್ನು ಕ್ಷಾರೀಯವಾಗಿಸಿ ನಿಕೋಟಿನ್ ಬೇಗ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಹೊಗೆಸೊಪ್ಪು, ಸುಣ್ಣ ತಿಕ್ಕಿ ಇಟ್ಟುಕೊಳ್ಳುವವರಿಗೆ ಬಿಡುವುದು ಕಷ್ಟವಾಗಲು ಇದೂ ಒಂದು ಕಾರಣ. ಬಿಟ್ಟ ಮೊದಲ ಮೂರು ದಿನ ತುಡಿತ ತೀವ್ರ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. 2 ಮಿ.ಗ್ರಾಂ ನಿಕೋಟಿನ್ ಗಮ್ ಸಹಾಯಕ್ಕೆ ಬರುತ್ತದೆ, ಸರಿಯಾಗಿ ಬಳಸಿದರೆ. ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ, ತುಡಿತ ಹಾಗೇ ಉಳಿಯುತ್ತದೆ. ಚುರುಕು ರುಚಿ ಬರುವವರೆಗೆ ನಿಧಾನ ಅಗಿಯಿರಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ, ರುಚಿ ಮಾಸಿದಾಗ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. 15 ನಿಮಿಷ ಮೊದಲಿನಿಂದ ಕಾಫಿ, ನಿಂಬೆ ಪಾನಕ ಬೇಡ. ಆಮ್ಲೀಯ ಬಾಯಿಯಲ್ಲಿ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ತಂಬಾಕು ಬಿಡಲು ಉಚಿತ ಸಲಹೆಗೆ ಕರೆ ಮಾಡಿ: 1800-11-2356.

ಪ್ರಶ್ನೆ: ನೋವಿನ ಮಾತ್ರೆ ಪುಡಿಮಾಡಿ ಇಂಜೆಕ್ಷನ್ ಮಾಡಿಕೊಳ್ಳುತ್ತಿದ್ದ ತಮ್ಮ ಎರಡು ತಿಂಗಳ ಚಿಕಿತ್ಸೆ ಮುಗಿಸಿ ಮನೆಗೆ ಬರುತ್ತಿದ್ದಾನೆ. ಏನು ಎಚ್ಚರ ವಹಿಸಬೇಕು?
— ಹೆಸರು ಬೇಡ, ಬೆಂಗಳೂರು

ಉತ್ತರ: ಅಫೀಮು ಜಾತಿಯ ಮಾತ್ರೆಗಳಾಗಿದ್ದರೆ ಮನೆಗೆ ಬಂದ ಮೊದಲ ವಾರಗಳೇ ಎಲ್ಲಕ್ಕಿಂತ ಅಪಾಯದವು. ಎರಡು ತಿಂಗಳು ಬಿಟ್ಟಾಗ ದೇಹದ ಸಹಿಷ್ಣುತೆ ಕುಸಿದಿರುತ್ತದೆ. ಹಳೆಯ ಗೆಳೆಯರ ಜೊತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಇದನ್ನು ಅವನಿಗೆ ನೇರವಾಗಿ ಹೇಳಿ, ಅಫೀಮಿನ ತುಡಿತ ತಗ್ಗಿಸುವ ಬುಪ್ರೆನಾರ್ಫಿನ್ ಔಷಧದ ಚಿಕಿತ್ಸೆ ಮುಂದುವರಿಸುವ ಬಗ್ಗೆ ವೈದ್ಯರನ್ನು ಕೇಳಿ. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನವಾಗಿ ಗೊರಗೊರ ಎನ್ನುತ್ತಿದ್ದರೆ, ತುಟಿ ನೀಲಿಯಾಗಿ ಕಣ್ಣಪಾಪೆ ಸೂಜಿಮೊನೆಯಷ್ಟಾಗಿದ್ದರೆ 108ಕ್ಕೆ ಕರೆ ಮಾಡಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ಹೇಳಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ, ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಅಫೀಮು ಜಾತಿಯ ಔಷಧಗಳ ಪ್ರಭಾವ ತಡೆಯುವ ನಾಲಾಕ್ಸೋನ್ ಇಂಜೆಕ್ಷನ್ ಕೆಲವೇ ನಿಮಿಷದಲ್ಲಿ ಎಚ್ಚರಿಸುತ್ತದೆ. ಆದರೆ ಅದರ ಪ್ರಭಾವ ಒಂದು ಗಂಟೆಯ ಆಸುಪಾಸು, ತೆಗೆದುಕೊಂಡ ಮಾತ್ರೆಯದು ಅದಕ್ಕಿಂತ ದೀರ್ಘವಾಗಿರಬಹುದು. ಎದ್ದು ಕೂತ ಎಂದು ಮನೆಗೆ ಕರೆತಂದರೆ ಮತ್ತೆ ಉಸಿರು ಕುಸಿಯಬಹುದು. ವೈದ್ಯರು ಬಿಡುವವರೆಗೆ ಆಸ್ಪತ್ರೆಯಲ್ಲೇ ಇರಿಸಿ.