ಇಪ್ಪತ್ತು ವರ್ಷದ ವಿಶ್ವಾಸದ ಮೇಲೂ ಕೃಪೆಗೆ ಕೃತಜ್ಞತೆ ಉಳಿಸಿಕೊಳ್ಳುವುದು ಹೇಗೆ?

ಯೇಸುವನ್ನು ನಂಬಿ ರಕ್ಷಣೆ ಹೊಂದಿ ಇಪ್ಪತ್ತು ವರ್ಷವಾಯ್ತು, ಮೊದಮೊದಲು ‘ಕೃಪೆ’, ಅಂದರೆ ಯೋಗ್ಯತೆಯಿಲ್ಲದಿದ್ದರೂ ದೇವರು ಕೊಡುವ ಕ್ಷಮೆ, ಅಂದಾಗ ಕಣ್ಣು ತುಂಬುತ್ತಿತ್ತು, ಈಗ ಏನೂ ಅನಿಸುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನನಗಂತೂ ಮೊದಲೂ ಕಣ್ಣು ತುಂಬಿರಲಿಲ್ಲ. ಬಾಸೆಲ್ ಮಿಷನ್ ಕಾಲದಿಂದ ಸಭೆಯಲ್ಲಿರುವ ಮನೆತನ ನಮ್ಮದು. ಪ್ರಸಂಗದ ಹೊತ್ತಿಗೆ ಬೆಂಚಿನ ಮೇಲೆ ನಿದ್ದೆ ಮಾಡುತ್ತಲೇ ಬೆಳೆದವನು ನಾನು. ದೇವರು ನಿನ್ನನ್ನು ಹೇಗೆ ಬದಲಾಯಿಸಿದ ಅಂತ ಸಾಕ್ಷಿ ಹೇಳು ಅಂದರೆ ಹೇಳಿಕೊಳ್ಳೋಕೆ ಕುಡಿತವಿಲ್ಲ, ಜೂಜಿಲ್ಲ. ನಿಮ್ಮದಕ್ಕಿಂತ ಕಷ್ಟದ ಕೇಸು ಅಲ್ವಾ?

ಹನ್ನೊಂದು ವರ್ಷ ಸಭೆಯ ಖಜಾಂಚಿಯಾಗಿದ್ದೆ. ಕಾಣಿಕೆ ಎಣಿಸುವುದು, ಬೆಳೆ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಗೆ ಯಾರು ಎಷ್ಟು ಕೂಗಿದರು ಅಂತ ಬರೆದುಕೊಳ್ಳುವುದು, ಆಮೇಲೆ ಅವರ ಬೆನ್ನು ಹತ್ತಿ ವಸೂಲಿ ಮಾಡುವುದು ನನ್ನ ಕೆಲಸ. ಒಂದು ವರ್ಷ ಆ ಜಾಗಕ್ಕೆ, ದೀಕ್ಷಾಸ್ನಾನವಾಗಿ ಮೂರೇ ವರ್ಷವಾಗಿದ್ದ ಹುಡುಗನನ್ನು ಆರಿಸಿದರು. ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಊಟ ಬಿಟ್ಟೆ. “ಇಷ್ಟು ವರ್ಷ ಕತ್ತೆ ಥರ ದುಡಿದೆ, ಒಂದು ಶಾಲು ಹೊದಿಸಲಿಲ್ಲ” ಅಂತ ಕೂಗಾಡಿದೆ. ಹೆಂಡತಿ ತಟ್ಟೆ ಎತ್ತಿಡುತ್ತಾ, “ಶಾಲು ಯಾಕ್ರಿ, ಆಡಿನ ಮರಿ ಕೇಳ್ರಿ. ಲೂಕನಲ್ಲಿ ಹಾಗೇ ಇದೆ” ಅಂದಳು.

ಬೈಬಲಿನ ಲೂಕ 15ರ ಅಣ್ಣ! ಮನೆಬಿಟ್ಟು ಹೋದ ತಮ್ಮ ತಿರುಗಿ ಬಂದಾಗ, ‘ಇಷ್ಟು ವರ್ಷ ಸೇವೆ ಮಾಡಿದ ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ’ ಅಂತ ಅಪ್ಪನ ಮೇಲೆ ಮುನಿಸಿಕೊಂಡು ಹೊರಗೇ ನಿಂತವನು. ಎಷ್ಟೋ ಸಲ ಓದಿದ್ದ ಸಾಮ್ಯ. ಅದರಲ್ಲಿ ನಾನಿದ್ದೇನೆ ಅಂತ ಅವತ್ತೇ ಗೊತ್ತಾಗಿದ್ದು.

ನನಗನಿಸುವುದು ಇಷ್ಟು. ಕೃಪೆಯನ್ನು ನಾವು ಹಳೇ ಸಾಲ ತೀರಿದ ರಸೀದಿ ಥರ ಬೀರುವಿನಲ್ಲಿಟ್ಟುಬಿಡುತ್ತೇವೆ. ರಸೀದಿ ನೋಡಿ ಎಷ್ಟು ವರ್ಷ ಅಳೋಕಾಗುತ್ತೆ? ಆದರೆ ಖಾತೆ ಇನ್ನೂ ಓಡುತ್ತಲೇ ಇದೆ. ಅಪೊಸ್ತಲ ಪೌಲನ ಪತ್ರಗಳನ್ನೇ ನೋಡಿ. ಕೊರಿಂಥದವರಿಗೆ ಬರೆಯುವಾಗ ಅಪೊಸ್ತಲರಲ್ಲಿ ನಾನು ಚಿಕ್ಕವನು ಅಂದ. ಎಫೆಸದವರಿಗೆ, ದೇವಜನರೆಲ್ಲರಲ್ಲೂ ಚಿಕ್ಕವನು ಅಂದ. ತಿಮೊಥೆಯನಿಗೆ ಬರೆಯುವ ಹೊತ್ತಿಗೆ ಪಾಪಿಗಳಲ್ಲೇ ಮೊದಲಿಗ.

‘ಅಮೇಜಿಂಗ್ ಗ್ರೇಸ್’ ಹಾಡು ಬರೆದ ಇಂಗ್ಲೆಂಡಿನ ಜಾನ್ ನ್ಯೂಟನ್ ಕಥೆಯೂ ಹೀಗೇ. 1748ರ ಮಾರ್ಚ್‌ನಲ್ಲಿ ಹಡಗು ಬಿರುಗಾಳಿಗೆ ಸಿಕ್ಕಿದಾಗ ದೇವರನ್ನು ಕೂಗಿದ. ನಮ್ಮ ಕೂಟಗಳಲ್ಲಿ ಕಥೆಯನ್ನು ಅಲ್ಲಿಗೇ ಮುಗಿಸಿಬಿಡುತ್ತೇವೆ. ನಿಜವೇನೆಂದರೆ, ಅದಾದ ಮೇಲೇ ಅವನು ಗುಲಾಮರನ್ನು ಸಾಗಿಸುವ ಹಡಗಿಗೆ ಕ್ಯಾಪ್ಟನ್ ಆಗಿದ್ದು. 1754ರಲ್ಲಿ ಬಿಟ್ಟ, ಅದೂ ಕಾಯಿಲೆ ಬಿದ್ದು. ಆ ವ್ಯಾಪಾರದ ವಿರುದ್ಧ ಪಶ್ಚಾತ್ತಾಪಪಟ್ಟು ಬರೆದು ಅಚ್ಚು ಹಾಕಿಸಿದ್ದು 1788ರಲ್ಲಿ. ನಲವತ್ತು ವರ್ಷ! ಓಲ್ನಿ ಅನ್ನುವ ಊರಲ್ಲಿ ಪಾದ್ರಿಯಾಗಿದ್ದಾಗ ಓದುವ ಕೋಣೆಯ ಗೋಡೆ ಮೇಲೆ ಬೈಬಲಿನ ಧರ್ಮೋಪದೇಶಕಾಂಡದ ಮಾತು ಬರೆಸಿದ್ದ: ನೀನು ಐಗುಪ್ತದಲ್ಲಿ ದಾಸನಾಗಿದ್ದೆ, ದೇವರು ಬಿಡಿಸಿದನು, ಮರೆಯಬೇಡ. ಗುಲಾಮರನ್ನು ಮಾರಿದವನ ಕಣ್ಣೆದುರು ಆ ವಾಕ್ಯ.

ನನ್ನ ಗೋಡೆ ಮೇಲೆ ಇರುವುದು ಹಾಲಿನ ಲೆಕ್ಕದ ಕ್ಯಾಲೆಂಡರ್. ಆರಾಧನೆಯಲ್ಲಿ ಹೇಳುವ ಪಾಪದ ಅರಿಕೆಯನ್ನು ನಾನು ಪುಸ್ತಕ ನೋಡದೆಯೂ ಒಪ್ಪಿಸಬಲ್ಲೆ, ಅದೇ ತೊಂದರೆ. ಹಾಗಾಗಿ ಶನಿವಾರ ರಾತ್ರಿ ಆ ವಾರದ ತಪ್ಪಿನ ಗುರುತಿಗೆ ಒಂದೇ ಒಂದು ಪದ ಅಲ್ಲಿ ಬರೆಯುತ್ತೇನೆ. ಪ್ರಭು ಭೋಜನವಿದ್ದರೆ ರೊಟ್ಟಿ ಕೈಗೆ ಬಂದಾಗ ಅದನ್ನೇ ನೆನೆಯುತ್ತೇನೆ. ಒಮ್ಮೆ ‘ತಮ್ಮ’ ಅಂತ ಬರೆದಿದ್ದೆ. ಮನೆ ಪಾಲಿನ ವಿಷಯಕ್ಕೆ ಫೋನಿನಲ್ಲಿ ಅವನಿಗೆ ಆಡಬಾರದ್ದು ಆಡಿದ್ದೆ. “ಶನಿವಾರದ ಹಾಲು ನಿಮ್ಮ ತಮ್ಮ ತಂದನೇನ್ರಿ?” ಅಂತ ಹೆಂಡತಿ ಕೇಳಿದಳು. ಉತ್ತರ ಹೇಳಬೇಕಾಯ್ತು. ಆಮೇಲೆ ಅವನಿಗೂ ಫೋನ್ ಮಾಡಬೇಕಾಯ್ತು.

ಸುಮ್ನೆ ಸದಾ ನಿಮ್ಮನ್ನೇ ನೀವು ಹಳಿದುಕೊಳ್ಳುವ ಸ್ವಭಾವ ನಿಮ್ಮದಾದರೆ ಈ ದಾರಿ ಬೇಡ. ನೀವು ಕೀರ್ತನೆ 103 ತೆಗೆದು ಉಪಕಾರಗಳನ್ನು ಎಣಿಸಿ. ಕಣ್ಣು ಒದ್ದೆಯಾಯ್ತಾ ಅಂತ ಮಾತ್ರ ಮುಟ್ಟಿ ನೋಡಿಕೊಳ್ಳಬೇಡಿ.

ಹೋದ ಬೆಳೆ ಹಬ್ಬದಲ್ಲಿ ಕುಂಬಳಕಾಯಿ ಕೂಗಿದ್ದು ನಾನೇ. ದುಡ್ಡು ಕೊಡೋದು ಮರೆತೆ. ಆ ಹುಡುಗ ಎರಡು ಸಲ ಮನೆಗೆ ಬಂದ. “ಆರಾಮಾಗಿ ಕೊಡಿ ಅಂಕಲ್” ಅಂದು ಟೀ ಕುಡಿದು ಹೋದ.