ಸೊಸೆಯ ವೋಟು ಇನ್ನೂ ತವರಲ್ಲೇ ಇದೆ, ಏನು ಮಾಡಲಿ?

ಪ್ರಶ್ನೆ: ಅಕ್ಕೋರೇ, ನನ್ನ ಸೊಸೆಯ ತವರು ಮಹಾರಾಷ್ಟ್ರದ ಜತ್ತ. ಮದುವೆಯಾಗಿ ನಮ್ಮ ಮನೆಗೆ ಬಂದು ಎರಡು ವರ್ಷವಾಯಿತು, ವೋಟು ಮಾತ್ರ ಅಲ್ಲೇ ಇದೆ. ‘ಇಲ್ಲೂ ಒಂದು ಹೊಸದು ಮಾಡಿಸಿಬಿಡಿ, ಅಲ್ಲಿಯದು ಇದ್ದರೆ ಇರಲಿ’ ಅಂತ ನೆರೆಯವರು ಹೇಳುತ್ತಾರೆ. ಇನ್ನು ನಮ್ಮ ಅತ್ತೆಗೆ 87 ವರ್ಷ. ಮೊಣಕಾಲು ನೋವು, ಹೊಸ್ತಿಲು ದಾಟಲು ಆಗುವುದಿಲ್ಲ. ಆದರೂ ವಿಧಾನಸಭೆಗೆ ವೋಟು ಹಾಕಿಯೇ ಹಾಕುತ್ತೇನೆ ಅನ್ನುತ್ತಾರೆ. ದಾರಿ ಹೇಳಿ.
– ಓದುಗರು, ಅಥಣಿ

ಉತ್ತರ: ತಂಗಿ, ಹೊಸದು ಮಾತ್ರ ಮಾಡಿಸಬೇಡಿ. ಹೊಸ ಹೆಸರಿನ ಅರ್ಜಿ ಫಾರಂ 6. ಬೇರೆಲ್ಲೂ ನನ್ನ ಹೆಸರಿಲ್ಲ ಅಂತ ಅದರಲ್ಲಿ ಸಹಿ ಹಾಕಬೇಕಾದವಳು ನಿಮ್ಮ ಸೊಸೆ, ನೆರೆಯವರಲ್ಲ. ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಕೆಲವೊಮ್ಮೆ ಎರಡೂ. ಅವಳಿಗೆ ಬೇಕಾದದ್ದು ಫಾರಂ 8, ಅಂದರೆ ಇದ್ದ ಹೆಸರನ್ನೇ ಹೊಸ ವಿಳಾಸಕ್ಕೆ ವರ್ಗಾಯಿಸುವ ಅರ್ಜಿ. ಓಣಿ ಬದಲಾದರೂ ಅದೇ, ರಾಜ್ಯ ಬದಲಾದರೂ ಅದೇ. 2022ಕ್ಕೆ ಮುಂಚೆ ಬೇರೆ ಕ್ಷೇತ್ರಕ್ಕೆ ಹೋದವರು ಫಾರಂ 6 ತುಂಬುತ್ತಿದ್ದರು. ಅದಕ್ಕೇ ಎಷ್ಟೋ ಜನ ಈಗಲೂ ಅದನ್ನೇ ಹೇಳುತ್ತಾರೆ.

ಶಾಲೆಯಲ್ಲಿ ಶಿಕ್ಷಕಿಯಾಗಿದ್ದಾಗ ನಾನು ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ ಮಾಡಿದವಳು. ಪಟ್ಟಿ ಹಿಡಿದು ಮನೆಮನೆಗೆ ಹೋದಾಗ ಬಿಟ್ಟುಹೋದ ಹೆಸರು ಜಾಸ್ತಿ ಸಿಗುತ್ತಿದ್ದದ್ದು ಹೊಸ ಸೊಸೆಯಂದಿರದ್ದೇ. ರೇಷನ್ ಕಾರ್ಡಿಗೆ ಹೆಸರು ಬೇಗ ಸೇರಿಸುತ್ತಾರೆ. ವೋಟಿನ ಮಾತು ಬಂದರೆ ‘ಆಮೇಲೆ ನೋಡೋಣ’. ಅಷ್ಟರಲ್ಲಿ ತವರಿನ ಪಟ್ಟಿಯಲ್ಲಿ ಹೆಸರು ತೆಗೆದಿರುತ್ತಾರೆ, ಇಲ್ಲಿ ಸೇರಿರುವುದಿಲ್ಲ. ಕೈಯಲ್ಲಿ ವೋಟರ್ ಕಾರ್ಡ್ ಹಿಡಿದುಕೊಂಡೇ ಬೂತಿನಿಂದ ವಾಪಸ್ ಹೋದ ಹೆಣ್ಣುಮಕ್ಕಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿದ್ದು ಕಾರ್ಡ್ ಕಳೆದಿದ್ದರೆ ಚಿಂತೆಯಿಲ್ಲ. ಆಧಾರ್, ಪಾನ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಯಾವುದಾದರೂ ನಡೆಯುತ್ತದೆ. ಮನೆಗೆ ತಂದುಕೊಡುವ ವೋಟರ್ ಚೀಟಿಯೊಂದನ್ನೇ ತೋರಿಸಿದರೆ ನಡೆಯುವುದಿಲ್ಲ.

ಫಾರಂ 8ಕ್ಕೆ ಅವಳ ಹಳೆಯ ಕಾರ್ಡಿನ ನಂಬರ್ ಬೇಕು, ನಿಮ್ಮ ಮನೆಯ ವಿಳಾಸಕ್ಕೆ ಒಂದು ದಾಖಲೆ ಬೇಕು. ಬಿಎಲ್‌ಓ ಕೈಗೆ ಕೊಡಿ, ಇಲ್ಲವೇ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹಾಕಿ. ಮೊಬೈಲ್ ನಂಬರ್ ಮಗನದ್ದು ಬೇಡ, ಸೊಸೆಯದ್ದೇ ಬರೆಸಿ. ಅವಳ ವೋಟಿನ ಸುದ್ದಿ ಅವಳಿಗೇ ಬರಬೇಕು, ಅಲ್ವಾ? ಚುನಾವಣೆ ಘೋಷಣೆಯಾಗಲಿ ಅಂತ ಕಾಯಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಪಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ. ಅರ್ಜಿ ಪರಿಶೀಲನೆಗೂ ದಿನ ಹಿಡಿಯುತ್ತದೆ. ಏನಾದರೂ ತೊಡಕಾದರೆ 1950ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ಅತ್ತೆ. ಅವರ ಹಟ ಕೇಳಿ ನನಗೆ ತುಂಬಾ ಖುಷಿಯಾಯಿತು. ನಮ್ಮ ರಾಜ್ಯದಲ್ಲಿ 2023ರ ವಿಧಾನಸಭೆ ಚುನಾವಣೆಯಲ್ಲೇ ಮನೆಯಿಂದ ವೋಟು ಹಾಕುವ ಸೌಲಭ್ಯ ಬಂತು. ಆಗ 80 ದಾಟಿದವರಿಗೆ ಇತ್ತು, 2024ರಲ್ಲಿ ಅದನ್ನು 85ಕ್ಕೆ ಏರಿಸಿದರು. ಆದ್ದರಿಂದ ಪಟ್ಟಿಯಲ್ಲಿ ಅವರ ವಯಸ್ಸು ಎಷ್ಟಿದೆ ಅಂತ ಇವತ್ತೇ ನೋಡಿ. ಹಳೆಯ ಕಾಲದವರ ವಯಸ್ಸನ್ನು ಅಂದಾಜಿನಲ್ಲಿ ಬರೆದದ್ದು ಬಹಳ. ಪಟ್ಟಿಯಲ್ಲಿ 79 ಅಂತಿದ್ದರೆ ನೀವು ಹೇಳುವ 87 ಲೆಕ್ಕಕ್ಕೆ ಬರುವುದಿಲ್ಲ. ತಪ್ಪಿದ್ದರೆ ಅದಕ್ಕೂ ಫಾರಂ 8. ಚುನಾವಣೆಯ ಅಧಿಸೂಚನೆ ಬಂದ ಐದು ದಿನದೊಳಗೆ, ಮನೆಯಿಂದ ವೋಟು ಹಾಕಲು ಕೇಳುವ ಫಾರಂ 12ಡಿ ತುಂಬಿ ಕೊಡಬೇಕು, ಬಿಎಲ್‌ಓ ಅದನ್ನು ಮನೆಗೇ ತರುತ್ತಾರೆ. ಆಮೇಲೆ ಅಧಿಕಾರಿಗಳು ಮತಪತ್ರ ತಂದು, ವಿಡಿಯೊ ಮಾಡಿಸಿ, ವೋಟು ಹಾಕಿಸಿಕೊಂಡು ಹೋಗುತ್ತಾರೆ. ಅತ್ತೆ ಗುರುತು ಹಾಕುವಾಗ ಮನೆಯವರು ಯಾರೂ ಇಣುಕಬೇಡಿ.

ಒಂದು ಮಾತು: ಮನೆಯಲ್ಲೇ ಹಾಕುತ್ತೇನೆ ಅಂತ ಒಪ್ಪಿಗೆ ಪಡೆದ ಮೇಲೆ ಬೂತಿಗೆ ಹೋಗಿ ಹಾಕಲು ಬರುವುದಿಲ್ಲ. ಕೆಲವು ಹಿರಿಯರಿಗೆ ಬೂತಿಗೆ ಹೋಗಿ, ಬೆರಳಿಗೆ ಶಾಯಿ ಹಾಕಿಸಿಕೊಂಡು, ನಾಲ್ಕು ಜನರನ್ನು ಮಾತಾಡಿಸಿ ಬಂದರೇ ಸಮಾಧಾನ. ಹಾಗಾಗಿ ನೀವೇ ತೀರ್ಮಾನ ಮಾಡದೆ ಅವರನ್ನು ಕೇಳಿ. ಬೂತೇ ಬೇಕು ಅಂದರೆ ಗಾಲಿ ಕುರ್ಚಿ ಬೇಕೆಂದು ಬಿಎಲ್‌ಓಗೆ ಮುಂಚೆಯೇ ತಿಳಿಸಿಡಿ.