ವಿಪರೀತ ಚಳಿ ಬಂದಾಗ ಪವರ್ ಗ್ರಿಡ್ ಯಾಕೆ ಕೈಕೊಡುತ್ತೆ? ಹಿಮಕ್ಕೆ ತಂತಿ ಕಡಿಯೋದೇ ಕಾರಣ ಅಲ್ವಾ?

ಟೆಕ್ಸಾಸ್‌ನಲ್ಲಿ ಗ್ಯಾಸಿಂದ ಕರೆಂಟ್ ಮಾಡೋ ಪ್ಲಾಂಟ್‌ನಲ್ಲಿ ಕೆಲಸಕ್ಕೆ ಸೇರಿದೀನಿ, ಚಳಿಗಾಲದ ಚೆಕ್‌ಲಿಸ್ಟ್ ನನ್ನ ಕೈಗೆ ಕೊಟ್ಟಿದಾರೆ, ಗ್ರಿಡ್ ಹೋಗೋದು ತಂತಿ ಕಡಿದು ತಾನೇ, ಹಾಗಿದ್ರೆ ಪ್ಲಾಂಟ್ ಒಳಗೆ ಇದೆಲ್ಲ ಬರೀ ಫಾರ್ಮಾಲಿಟಿನಾ ಅಂತ ಕೇಳಿದೀರಲ್ಲ, ಓದಿ ಎದೆ ಝಲ್ ಅಂತು. 2020ರ ನವೆಂಬರ್‌ನಲ್ಲಿ ಅಂಥದೇ ಒಂದು ಚೆಕ್‌ಲಿಸ್ಟ್‌ಗೆ ಸೈನ್ ಹಾಕಿದೋನು ನಾನು.

ಹ್ಯೂಸ್ಟನ್‌ನಿಂದ ಒಂದೂವರೆ ಗಂಟೆ ದೂರದ ಪ್ಲಾಂಟ್, ಹೆಸರು ಬೇಡ. ನಾನು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಅಲ್ಲಿನ ಪ್ಲಾಂಟ್‌ಗಳನ್ನ ನೀವೂ ನೋಡಿರ್ತೀರ, ಬಾಯ್ಲರ್, ಪೈಪು ಎಲ್ಲಾ ಬಯಲಲ್ಲೇ ಇರುತ್ತೆ, ಬೇಸಿಗೆ ಬಿಸಿ ತಡೆಯೋಕೆ ಹಾಗೆ ಕಟ್ಟಿರೋದು, ಉತ್ತರದ ರಾಜ್ಯಗಳಲ್ಲಿ ಇದನ್ನೆಲ್ಲ ಕಟ್ಟಡದ ಒಳಗೆ ಇಡ್ತಾರೆ. ಬಾಯ್ಲರ್ ಡ್ರಮ್‌ನಲ್ಲಿ ನೀರು ಎಷ್ಟಿದೆ ಅಂತ ಅಳೆಯೋಕೆ ಬೆರಳು ಗಾತ್ರದ ಟ್ಯೂಬ್ ಟ್ರಾನ್ಸ್‌ಮಿಟರ್‌ವರೆಗೂ, ಅಂದ್ರೆ ಲೆವೆಲ್ ಅಳೆದು ಕಂಟ್ರೋಲ್ ಸಿಸ್ಟಮ್‌ಗೆ ಕಳಿಸೋ ಮೀಟರ್‌ವರೆಗೂ ಬಂದಿರುತ್ತೆ, ಸೆನ್ಸಿಂಗ್ ಲೈನ್ ಅಂತೀವಿ. ಅದರೊಳಗಿನ ನೀರು ಹರಿಯಲ್ಲ, ಸುಮ್ನೆ ನಿಂತಿರುತ್ತೆ. ಪಕ್ಕದ ದೊಡ್ಡ ಪೈಪಲ್ಲಿ ಕುದಿಯೋ ನೀರು ಓಡ್ತಿದ್ರೂ ಈ ಟ್ಯೂಬಿನ ನೀರು ಹೊರಗಿನ ಗಾಳಿಯಷ್ಟೇ ತಣ್ಣಗಾಗಿ ಮೊದಲು ಹೆಪ್ಪುಗಟ್ಟೋದು ಅದೇ. ಅದು ಹೆಪ್ಪುಗಟ್ಟಿದ್ರೆ ಟ್ರಾನ್ಸ್‌ಮಿಟರ್ ಸುಳ್ಳು ಲೆವೆಲ್ ತೋರ್ಸುತ್ತೆ, ಕಂಟ್ರೋಲ್ ಸಿಸ್ಟಮ್ ಅದನ್ನೇ ನಂಬಿ ಇಡೀ ಯೂನಿಟ್, ಅಂದ್ರೆ ಕರೆಂಟ್ ತಯಾರಿಸೋ ಇಡೀ ಯಂತ್ರನ ಟ್ರಿಪ್ ಮಾಡುತ್ತೆ, ತಾನಾಗೇ ನಿಲ್ಲಿಸಿಬಿಡುತ್ತೆ. ನೂರಾರು ಮೆಗಾವ್ಯಾಟ್ ಹೋಗೋಕೆ ಒಂದು ಗೇಣು ಐಸ್ ಸಾಕು.

ಹೀಗಾಗಬಾರದು ಅಂತ್ಲೇ ಟ್ಯೂಬಿಗೆ ಹೀಟ್ ಟ್ರೇಸ್ ಕೇಬಲ್, ಅಂದ್ರೆ ಕರೆಂಟಲ್ಲಿ ಬಿಸಿಯಾಗೋ ವೈರ್ ಸುತ್ತಿ ಮೇಲೆ ಇನ್ಸುಲೇಶನ್ ಹಾಕಿರ್ತಾರೆ. ನನ್ನ ತಪ್ಪು ಇಲ್ಲೇ ಆಗಿದ್ದು, ಸ್ವಲ್ಪ ಉದ್ದ ಆದ್ರೂ ಪೂರ್ತಿ ಹೇಳ್ತೀನಿ. ಚೆಕ್‌ಲಿಸ್ಟಲ್ಲಿ ಇದ್ದಿದ್ದು ಒಂದೇ ಸಾಲು, "ಹೀಟ್ ಟ್ರೇಸ್ ಸರ್ಕ್ಯೂಟ್‌ಗಳು ಸರಿ ಇವೆಯೇ". ನಾನು ಪ್ಯಾನಲ್ ಹತ್ರ ಹೋದೆ, ಬ್ರೇಕರ್ ಎಲ್ಲಾ ಆನ್, ಹಸಿರು ಲ್ಯಾಂಪ್ ಎಲ್ಲಾ ಉರೀತಿತ್ತು, ಟಿಕ್ ಹಾಕಿದೆ. ಆದ್ರೆ ಆ ಲ್ಯಾಂಪ್ ಹೇಳೋದು ಪ್ಯಾನಲ್‌ಗೆ ವೋಲ್ಟೇಜ್ ಬಂದಿದೆ ಅನ್ನೋದಷ್ಟೇ. ಮುಂದೆ ಕೇಬಲ್‌ನಲ್ಲಿ ಕರೆಂಟ್ ಹರೀತಿದೆಯಾ ಇಲ್ವಾ ಅದಕ್ಕೆ ಗೊತ್ತಾಗಲ್ಲ. ಕ್ಲಾಂಪ್ ಮೀಟರ್ ಹಾಕಿ ಆಂಪ್ಸ್ ನೋಡ್ಬೇಕಿತ್ತು. ಅದೂ ಸುಮ್ನೆ ಹಾಕಿದ್ರೆ ಆಗ್ತಿರ್ಲಿಲ್ಲ, ಯಾಕಂದ್ರೆ ಹೊರಗಿನ ತಾಪಮಾನ 5 ಡಿಗ್ರಿಗಿಂತ ಕೆಳಗೆ ಹೋದ್ರೇನೆ ಥರ್ಮೋಸ್ಟಾಟ್ ಸರ್ಕ್ಯೂಟ್ ಆನ್ ಮಾಡೋದು, ಅವತ್ತು ಶರ್ಟ್ ತೋಳು ಮಡಚ್ಕೊಂಡು ಓಡಾಡ್ತಿದ್ವಿ, ಸರಿ ಇರೋ ಸರ್ಕ್ಯೂಟ್ ಕೂಡ ಸೊನ್ನೆನೇ ತೋರಿಸ್ತಿತ್ತು. ಥರ್ಮೋಸ್ಟಾಟ್ ತಿರುಗಿಸಿ ಬಲವಂತವಾಗಿ ಆನ್ ಮಾಡಿ ಒಂದೊಂದನ್ನೇ ಅಳೀಬೇಕಿತ್ತು. ಅರ್ಧ ದಿನದ ಕೆಲಸ, ಮಾಡ್ಲಿಲ್ಲ. ಬೇಸಿಗೆಯಲ್ಲಿ ಅಲ್ಲೊಂದು ವಾಲ್ವ್ ಬದಲಾಯಿಸಿದೋರು ಜಂಕ್ಷನ್ ಬಾಕ್ಸಲ್ಲಿ ಹೀಟ್ ಟ್ರೇಸ್ ವೈರ್ ಬಿಚ್ಚಿ ಹಾಗೇ ಬಿಟ್ಟಿದ್ರು, ಒಂದಡಿ ಇನ್ಸುಲೇಶನ್ ಕೂಡ ವಾಪಸ್ ಹಾಕಿರ್ಲಿಲ್ಲ. ಮೂರು ಲೆವೆಲ್ ಟ್ರಾನ್ಸ್‌ಮಿಟರ್‌ನಲ್ಲಿ ಎರಡಕ್ಕೆ ಅದೊಂದೇ ಸರ್ಕ್ಯೂಟ್. ಮೂರರಲ್ಲಿ ಎರಡು ತಪ್ಪು ಹೇಳಿದ್ರೆ ಟ್ರಿಪ್.

2021ರ ಫೆಬ್ರವರಿ 14, ಭಾನುವಾರ ರಾತ್ರಿ. ಸಂಜೆ ರಾಜ್ಯದ ಬೇಡಿಕೆ 69 ಸಾವಿರ ಮೆಗಾವ್ಯಾಟ್ ದಾಟಿ ಚಳಿಗಾಲದ ದಾಖಲೆ ಆಗಿತ್ತು, ಅಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆ ಬೆಚ್ಚಗಾಗೋದು ಕರೆಂಟಿಂದಾನೇ. ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆಗೆ ನಮ್ಮ ಯೂನಿಟ್ ಟ್ರಿಪ್ ಆಯ್ತು. ನಾನು ಹೀಟ್ ಗನ್ ಹಿಡ್ಕೊಂಡು ಏಣಿ ಮೇಲೆ, ಉತ್ತರದ ಗಾಳಿ ಸೀದಾ ಆ ಟ್ಯೂಬಿಗೇ ಹೊಡೀತಿತ್ತು. ಒಂದು ಕರಗಿಸೋ ಹೊತ್ತಿಗೆ ಇನ್ನೊಂದು ಹೆಪ್ಪುಗಟ್ತಿತ್ತು, ಯಾಕಂದ್ರೆ ಯೂನಿಟ್ ನಿಂತ ಮೇಲೆ ಅದರ ಬಿಸಿನೂ ಹೋಯ್ತು. ಅದೇ ಹೊತ್ತಲ್ಲಿ ಗ್ರಿಡ್ ನಡೆಸೋ ಎರ್ಕಾಟ್‌ನವರು ಊರೂರಿನ ಕರೆಂಟ್ ತೆಗೆಸೋಕೆ ಶುರು ಮಾಡಿದ್ರು. ಬೇಡಿಕೆಗೆ ತಕ್ಕಷ್ಟು ಉತ್ಪಾದನೆ ಇಲ್ದಿದ್ರೆ ಗ್ರಿಡ್ ಫ್ರೀಕ್ವೆನ್ಸಿ ಇಳಿಯುತ್ತೆ. 60 ಹರ್ಟ್ಜ್ ಇರ್ಬೇಕಾದ ಅದು 59.4ಕ್ಕಿಂತ ಕೆಳಗೆ 4 ನಿಮಿಷ 23 ಸೆಕೆಂಡ್ ಇತ್ತು ಅಂತ ಆಮೇಲೆ ಗೊತ್ತಾಯ್ತು, 9 ನಿಮಿಷ ಆಗಿದ್ರೆ ಉಳಿದ ಜನರೇಟರ್‌ಗಳೂ ತಮ್ಮನ್ನ ತಾವು ಕಾಪಾಡ್ಕೊಳೋಕೆ ಗ್ರಿಡ್ ಬಿಟ್ಟು ಹೋಗೋಕೆ ಶುರು ಮಾಡ್ತಿದ್ವು, ಇಡೀ ರಾಜ್ಯ ಕತ್ತಲಾಗೋ ಅಪಾಯ ಇತ್ತು.

ಎರಡು ಗಂಟೆಗೆ ನಮ್ಮನೇಲೂ ಕರೆಂಟ್ ಹೋಯ್ತು. ಹೊರಗೆ ಮೈನಸ್ 8, ಮನೇಲಿ ಹೆಂಡತಿ ಮತ್ತೆ ಹತ್ತು ತಿಂಗಳ ಮಗಳು. ಬೆಳಗ್ಗೆ ಫೋನ್ ಮಾಡಿ ಗ್ಯಾರೇಜಲ್ಲಿ ಕಾರ್ ಸ್ಟಾರ್ಟ್ ಮಾಡಿ ಒಳಗೆ ಕೂತ್ಕೋತೀವಿ ಅಂದ್ಲು, ಬೇಡ ಬೇಡ ಅಂತ ಕಿರುಚಿಬಿಟ್ಟೆ. ಆ ವಾರ ಹಾಗೆ ಕಾರ್ಬನ್ ಮೊನಾಕ್ಸೈಡ್ ಕುಡಿದು ಸತ್ತೋರಿದಾರೆ. ರಾಜ್ಯ ಸರ್ಕಾರದ ಲೆಕ್ಕದಲ್ಲೇ ಒಟ್ಟು 246 ಸಾವು, ಜಾಸ್ತಿ ಜನ ಚಳಿಗೇ ಹೋಗಿದ್ದು. ನಮ್ಮನೆಗೆ ಬುಧವಾರ ಕರೆಂಟ್ ಬಂತು, ನಮ್ಮ ಯೂನಿಟ್ ಗುರುವಾರ.

ಹಾಗಾಗಿ ತಂತಿ ಕಡಿಯೋದೇ ಕಾರಣ ಅನ್ನೋದನ್ನ ನಾನು ಒಪ್ಪಲ್ಲ. ಐಸ್ ತೂಕಕ್ಕೆ ಲೈನ್ ಬೀಳೋದು ನಿಜ, ಅದು ಆ ಏರಿಯಾದ ಕಷ್ಟ, ಅದನ್ನ ಕಟ್ಟಿ ಸರಿ ಮಾಡಬಹುದು. ಅವತ್ತು ಹೋಗಿದ್ದು ಉತ್ಪಾದನೆ. ಗಾಳಿಯಂತ್ರ ಹೆಪ್ಪುಗಟ್ಟಿದ್ದಕ್ಕೇ ಎಲ್ಲಾ ಆಯ್ತು ಅಂತಾನೂ ಹೇಳ್ತಾರೆ, ಅವೂ ನಿಂತ್ವು, ಆದ್ರೆ ಫೆಡರಲ್ ತನಿಖೆ ವರದಿ ಪ್ರಕಾರ ಟೆಕ್ಸಾಸ್ ಮತ್ತೆ ಸುತ್ತಲಿನ ರಾಜ್ಯಗಳಲ್ಲಿ ಕೈಕೊಟ್ಟ 1,045 ಯೂನಿಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ಯಾಸಿನವು, ಮೊದಲ ಕಾರಣ ಉಪಕರಣ ಹೆಪ್ಪುಗಟ್ಟಿದ್ದು, ಎರಡನೇದು ಇಂಧನ. ಗ್ಯಾಸ್ ಬಾವಿ ಬಾಯಲ್ಲಿ ನೀರು ಹೆಪ್ಪುಗಟ್ಟಿ ಗ್ಯಾಸ್ ಕಮ್ಮಿ ಆಯ್ತು, ಗ್ಯಾಸ್ ಇಲ್ದೆ ಪ್ಲಾಂಟ್ ನಿಂತ್ವು, ಪ್ಲಾಂಟ್ ನಿಂತ್ವು ಅಂತ ಕರೆಂಟ್ ತೆಗೆದಾಗ ಗ್ಯಾಸ್ ಕಳಿಸೋ ಕಂಪ್ರೆಸರ್‌ಗಳ ಕರೆಂಟೂ ಹೋಯ್ತು. ಟೆಕ್ಸಾಸ್ ಗ್ರಿಡ್ ಪಕ್ಕದ ರಾಜ್ಯಗಳ ಜೊತೆ ಹೆಚ್ಚುಕಮ್ಮಿ ಸಂಪರ್ಕನೇ ಇಟ್ಕೊಂಡಿಲ್ಲ, ಹೊರಗಿಂದ ಬೇಕಾದಷ್ಟು ತರೋಕೆ ದಾರಿ ಇರ್ಲಿಲ್ಲ. ಒಂದು ಹಂತದಲ್ಲಿ 20 ಸಾವಿರ ಮೆಗಾವ್ಯಾಟ್ ತೆಗೆದಿದ್ರು, ಅಷ್ಟು ತೆಗೆದ ಮೇಲೆ ಉಳಿದಿದ್ರಲ್ಲಿ ಬಹುಪಾಲು ಆಸ್ಪತ್ರೆಯಂಥ ಕಡೆ ಕರೆಂಟ್ ಕೊಡೋ, ತೆಗೆಯೋಕಾಗದ ಲೈನ್‌ಗಳೇ, ಅದಕ್ಕೇ ಪಾಳಿ ಮೇಲೆ ಕೊಡೋಕೂ ಆಗ್ಲಿಲ್ಲ. ನನಗೆ ಸಿಟ್ಟು ಬರೋದು 2011ರ ಫೆಬ್ರವರಿ ನೆನೆಸ್ಕೊಂಡಾಗ, ಅವತ್ತೂ ಇದೇ ರಾಜ್ಯ, ಇದೇ ಸೆನ್ಸಿಂಗ್ ಲೈನ್, ವರದಿಲಿ ಸ್ಪಷ್ಟವಾಗಿ ಬರೆದಿದ್ರು. ಆದ್ರೂ ಪ್ಲಾಂಟ್‌ನ ಚಳಿಗೆ ಸಜ್ಜು ಮಾಡೋದು ಹತ್ತು ವರ್ಷ ಯಾರಿಗೂ ಕಡ್ಡಾಯ ಆಗಿರ್ಲಿಲ್ಲ.

2021ರಲ್ಲೇ ಕಾನೂನು ಬಂತು, ಈಗ ಎರ್ಕಾಟ್‌ನವರೇ ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಆದ್ರೂ ಬರೋರು ಎಲ್ಲಾ ಟ್ಯೂಬ್ ಮುಟ್ಟಿ ನೋಡಲ್ಲ, ಅದು ನಿಮ್ಮ ಕೆಲಸ. ಥರ್ಮೋಸ್ಟಾಟ್ ಬೈಪಾಸ್ ಮಾಡಿ, ಪ್ರತಿ ಸರ್ಕ್ಯೂಟ್‌ಗೂ ಕ್ಲಾಂಪ್ ಹಾಕಿ. ಉತ್ತರದ ಗಾಳಿ ಹೊಡೆಯೋ ಕಡೆ ಮೊದಲು ಹೋಗಿ, ಬರೀ ಡಿಗ್ರಿ ನೋಡಿ ಸಮಾಧಾನ ಪಟ್ಕೋಬೇಡಿ, ಗಾಳಿ ಜೋರಿದ್ರೆ ಅದೇ ಡಿಗ್ರಿಲಿ ಪೈಪಿನ ಬಿಸಿ ಎಷ್ಟೋ ಬೇಗ ಹೋಗುತ್ತೆ. ಬೇಸಿಗೇಲಿ ಎಲ್ಲೆಲ್ಲಿ ವಾಲ್ವ್ ಕೆಲಸ ಆಗಿದೆ ಅಂತ ವರ್ಕ್ ಆರ್ಡರ್ ತೆಗೆಸಿ, ಅಲ್ಲಿನ ಇನ್ಸುಲೇಶನ್ ಕಣ್ಣಾರೆ ನೋಡಿ. ಟೈಮ್ ಇಲ್ಲ, ಸೈನ್ ಹಾಕ್ಬಿಡು ಅಂತ ಸೂಪರ್‌ವೈಸರ್ ಅಂದ್ರೆ ಹಾಕ್ಬೇಡಿ. ಹಾಕೋದಾದ್ರೆ ಟಿಕ್ ಪಕ್ಕದಲ್ಲಿ ಎಷ್ಟು ಆಂಪ್ ಬಂತು ಅಂತ ಪೆನ್ನಲ್ಲಿ ಬರೀರಿ, ಫಾರ್ಮಲ್ಲಿ ಜಾಗ ಇಲ್ದಿದ್ರೆ ಹಿಂದಿನ ಪುಟದಲ್ಲಿ ಬರೀರಿ.